ಗಾಳಿಯಲ್ಲಿ ನಿಂತ ಕಲ್ಲು

ಹಾಸನದಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಮನೆಯ ನಡುಮನೆಯಲ್ಲಿ ಒಂದು ಕಲ್ಲಿನ ಮಂಟಪವಿತ್ತು. ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದು. ನಿಜಕ್ಕೂ ಕಲ್ಲಿನದಲ್ಲ, ಮರದ ತುಂಡುಗಳನ್ನು ಕೊಯ್ದು, ಉಜ್ಜಿ, ಬೂದಿ ಬೆರೆಸಿದ ಬಣ್ಣ ಬಳಿದು ನಾನೇ ಮಾಡಿದ್ದು. ಅದರ ಮೂಲ ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವ ದಾರಿಯಲ್ಲಿ, ಹೇಮಾವತಿಯ ದಂಡೆಯ ಮೇಲಿತ್ತು. ಪ್ರತಿ ಮಳೆಗಾಲದಲ್ಲೂ ಹೊಳೆ ದಂಡೆಯನ್ನು ಕೊರೆಯುತ್ತ ಮಂಟಪದ ಜಗಲಿಯ ಬುಡಕ್ಕೇ ಬಂದು ನಿಂತಿತ್ತು. ಇನ್ನೊಂದು ಮಳೆಗಾಲಕ್ಕೆ ಅದು ಉಳಿಯುವುದಿಲ್ಲ, ಕಲ್ಲು ಕಲ್ಲು ಬಿಚ್ಚಿ ಮೇಲಿನ ದಿಬ್ಬದಲ್ಲಿ ಮತ್ತೆ ಕಟ್ಟಬೇಕು ಎಂದು ಸರ್ಕಾರ ತೀರ್ಮಾನಿಸಿತ್ತು. ಅರವತ್ತರ ದಶಕದ ನಡುವಿನ ಮಾತು ಇದು.

ಬಿಚ್ಚಿದರೆ ದೇವರು ಮುನಿಯುತ್ತಾನೆ ಎಂದು ಊರಿನವರು ತಕರಾರು ತೆಗೆದಿದ್ದರು. ಒಂದು ಚೂರೂ ಮುಕ್ಕಾಗದಂತೆ ಬಿಚ್ಚಿ ಕಟ್ಟಬಹುದು ಎಂದು ಅವರ ಕಣ್ಣಿಗೆ ಕಾಣುವಂತೆ ತೋರಿಸಲು ಒಂದು ಕಿರುಚಿತ್ರ ಬೇಕಾಗಿತ್ತು. ಅದರ ನಿರ್ದೇಶಕರು ಮೈಸೂರಿನವರು. ನಾನು ಅವರ ಕೈಕೆಳಗಿನ ಚಿತ್ರಗಾರ. ಆನಿಮೇಷನ್ ಎಂಬ ಮಾತು ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಮನೆಯ ಮಾಲೀಕರು ನಾನು ದಿನವಿಡೀ ಕದ ಹಾಕಿಕೊಂಡು ಬೊಂಬೆ ಆಡುತ್ತೇನೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕೆಲಸ ಹೀಗಿತ್ತು. ಕ್ಯಾಮೆರಾವನ್ನು ಮರದ ಚೌಕಟ್ಟಿಗೆ ಅಲುಗಾಡದಂತೆ ಬಿಗಿಯಬೇಕು. ಒಂದು ಕಲ್ಲನ್ನು ಕೂದಲೆಳೆಯಷ್ಟು ಎತ್ತಬೇಕು, ಹಿಂದೆ ಸರಿಯಬೇಕು, ಗುಂಡಿ ಒತ್ತಿ ಒಂದೇ ಒಂದು ಚಿತ್ರ ತೆಗೆಯಬೇಕು. ಮತ್ತೆ ಎತ್ತು, ಸರಿ, ಒತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿದರೆ ಪರದೆಯ ಮೇಲೆ ಒಬ್ಬ ಮನುಷ್ಯ ಆಕಳಿಸುವಷ್ಟು ಹೊತ್ತಿನ ಚಿತ್ರ ಸಿಗುತ್ತಿತ್ತು. ಎತ್ತಿದ ಕಲ್ಲು ಬೀಳದಂತೆ ಹಿಂದಿನಿಂದ ಒಂದು ತಂತಿ ಹಿಡಿದಿರುತ್ತಿತ್ತು. ತಂತಿಗೆ ಕಪ್ಪು ಬಣ್ಣ, ಅದರ ಹಿಂದೆ ಕಪ್ಪು ಬಟ್ಟೆ. ಆಧಾರ ಯಾರಿಗೂ ಕಾಣದಂತೆ ಮಾಡುವುದೇ ನಮ್ಮ ಕಸುಬಿನ ಅರ್ಧ ಭಾಗ.

ತೊಂದರೆಗಳಿಗೆ ಲೆಕ್ಕವಿರಲಿಲ್ಲ. ಹಾಸನದ ಕರೆಂಟು ಸಂಜೆಯಾಗುತ್ತಲೇ ಸೊರಗುತ್ತಿತ್ತು. ದೀಪ ಮಂಕಾದರೆ ಪರದೆಯ ಮೇಲೆ ಮಂಟಪ ಮಿಣಮಿಣ ಎನ್ನುತ್ತದೆ, ಆ ದಿನದ ಕೆಲಸವೆಲ್ಲ ನೀರಿಗೆ ಹೋದಂತೆ. ದೊಡ್ಡ ಬಲ್ಬುಗಳ ಕಾವಿಗೆ ಮರದ ತುಂಡುಗಳು ಸೊಟ್ಟಗಾಗುತ್ತಿದ್ದವು. ಬೆಳಕಿಗೆ ಹುಳ ಬರುತ್ತಿದ್ದವು, ಹುಳದ ಹಿಂದೆ ಹಲ್ಲಿ. ಒಂದು ಸಲ ತೊಳೆಸಲು ಬೆಂಗಳೂರಿಗೆ ಕಳಿಸಿದ್ದ ಫಿಲಂ ವಾಪಸು ಬಂತು. ಗೋಡೆಯ ಮೇಲೆ ಹಾಕಿ ನೋಡಿದರೆ, ಮಂಟಪದ ಮಾಡಿನ ಮೇಲೆ ಮೊಸಳೆಯಷ್ಟು ದೊಡ್ಡ ಪ್ರಾಣಿಯೊಂದು ಫಕ್ಕನೆ ಕಾಣಿಸಿ ಮಾಯವಾಯಿತು. ನಾನು ಹಿಂದೆ ಸರಿದು ಗುಂಡಿ ಒತ್ತುವಷ್ಟರಲ್ಲಿ ಹಲ್ಲಿ ಮೇಲೆ ಬಂದು ಕೂತಿತ್ತು. ನಿರ್ದೇಶಕರು ಬಿದ್ದು ಬಿದ್ದು ನಕ್ಕರು. ಆಮೇಲೆ ಕತ್ತರಿ ನನ್ನ ಕೈಗೆ ಕೊಟ್ಟರು. ಹಲ್ಲಿಯಿದ್ದ ತುಣುಕನ್ನು ಕತ್ತರಿಸಿ ಎಸೆದೆ.

ಕಲ್ಲು ಬಿಚ್ಚುವ ಕ್ರಮವನ್ನು ಆ ಕೆಲಸಕ್ಕೆ ಆಗ ಇದ್ದ ಸರ್ಕಾರಿ ಎಂಜಿನಿಯರು ಒಂದು ದಿನ ಬಂದು ತಿಳಿಸಿ ಹೋಗಿದ್ದರು. ಆ ಮಂಟಪದ ಮಾಡು ನಾಲ್ಕು ತೊಲೆಗಳ ಮೇಲೆ ಕೂತಿತ್ತು. ನಾಲ್ಕು ಮೂಲೆಗೂ ಒಂದೊಂದು ಚಪ್ಪಡಿ, ಅದರ ಮೂತಿ ಒಳಗಡೆಗೆ ಚಾಚಿಕೊಂಡಿತ್ತು. ಆ ನಾಲ್ಕು ಮೂತಿಗಳ ಮೇಲೆ, ನಡುಮಧ್ಯೆ, ಕಮಲದ ಹೂವು ಕೆತ್ತಿದ ಭಾರಿ ಕಲ್ಲು. ಹಾಗಾದರೆ ಮೂಲೆ ಚಪ್ಪಡಿಗಳು ಒಳಕ್ಕೆ ಮಗುಚುವುದಿಲ್ಲ ಏಕೆ? ಅವುಗಳ ಹೊರತುದಿಯ ಮೇಲೆ ಸುತ್ತಲಿನ ಅಂಚುಕಲ್ಲುಗಳು ಕೂತು ಅದುಮಿ ಹಿಡಿದಿದ್ದವು. ಬಾವಿಕಟ್ಟೆಯ ಮೇಲೆ ಹಲಗೆ ಚಾಚಿ, ಈಚೆ ತುದಿಯಲ್ಲಿ ಒಬ್ಬರು ಕೂತಿರುವ ಹಾಗೆ. ಆದ್ದರಿಂದ ಮೊದಲು ಹೂವು ಇಳಿಯಬೇಕು, ಆಮೇಲೆ ಅಂಚುಕಲ್ಲು, ಕೊನೆಗೆ ಮೂಲೆ ಚಪ್ಪಡಿ. ನಿರ್ದೇಶಕರಿಗೆ ಈ ಕ್ರಮ ಒಂದಿಷ್ಟೂ ಹಿಡಿಸಲಿಲ್ಲ.

“ಏನ್ರೀ ಇದು, ಹೂವು ಮೊದಲೇ ಹೋಗಿಬಿಟ್ಟರೆ ಜನ ಯಾಕ್ರೀ ಕೊನೇತನಕ ನೋಡ್ತಾರೆ? ಸುತ್ತಲಿನ ಅಂಚೆಲ್ಲ ಹೋಗಲಿ, ಹೂವು ಒಂದೇ ಮೆರೀತಿರಲಿ. ಆಮೇಲೆ ನಿಧಾನಕ್ಕೆ ಮೇಲೇಳಲಿ.”

“ಹಾಗೆ ಮಾಡಿದರೆ ಅದು ನಿಲ್ಲಲ್ಲ ಸಾರ್. ಎಂಜಿನಿಯರು ಹೇಳಿದ್ದೇ ಬೇರೆ.”

“ನಿಮ್ಮ ತಂತಿ ಇದೆಯಲ್ಲ.”

ತಂತಿ ಇತ್ತು. ಅವರು ಹೇಳಿದ ಹಾಗೆಯೇ ತೆಗೆದೆ. ನೋಡಲು ಅದು ತುಂಬ ಚೆನ್ನಾಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅಂಚುಕಲ್ಲುಗಳು ಒಂದೊಂದಾಗಿ ಎದ್ದು ಹೋಗುತ್ತವೆ, ಮಾಡು ಸಣ್ಣದಾಗುತ್ತ ಬರುತ್ತದೆ, ಕೊನೆಗೆ ಹೂವು ತನ್ನಷ್ಟಕ್ಕೆ ತಾನು ಗಾಳಿಯಲ್ಲಿ ನಿಲ್ಲುತ್ತದೆ. ಮೊದಲ ಸಲ ಗೋಡೆಯ ಮೇಲೆ ಅದನ್ನು ನೋಡಿದಾಗ ನನಗೇ ಮೈ ಜುಮ್ಮೆಂದಿತು.

ಚಿತ್ರವನ್ನು ಊರಿನಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದರು. ನಾನು ಹೋಗಿರಲಿಲ್ಲ, ಜ್ವರ ಬಂದು ಮಲಗಿದ್ದೆ. ಊರಿನವರು ಒಪ್ಪಿದರು ಎಂಬ ಸುದ್ದಿ ಮಾತ್ರ ಬಂತು. ನಡುವೆ ಎಂಜಿನಿಯರಿಗೆ ವರ್ಗವಾಯಿತು. ಕಲ್ಲು ಬಿಚ್ಚುವ ಕೆಲಸ ಶುರುವಾದ ಮೇಲೆ, ನಿಜವಾದ ಮಂಟಪದ ನಾಲ್ಕಾರು ದೃಶ್ಯ ತೆಗೆದುಕೊಂಡು ಬಾ, ಚಿತ್ರದ ಕೊನೆಗೆ ಸೇರಿಸೋಣ ಎಂದು ನಿರ್ದೇಶಕರು ನನ್ನನ್ನು ಕಳಿಸಿದರು. ಎರಡೂ ಒಂದೇ ಕೋನದಿಂದ ಕಾಣಬೇಕಲ್ಲ, ಅದಕ್ಕಾಗಿ ಮರದ ಮಂಟಪವನ್ನೂ ಚೀಲದಲ್ಲಿ ಹಾಕಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ಮುಂಗಾರು ಇನ್ನೂ ನಮ್ಮ ಕಡೆ ಬಿದ್ದಿರಲಿಲ್ಲ. ಆದರೆ ಮೇಲೆ ಘಟ್ಟದ ಕಡೆ ಬಿದ್ದಿರಬೇಕು, ಹೊಳೆಯ ನೀರು ಕೆಂಪಾಗಿತ್ತು.

ದಂಡೆ ಮುಟ್ಟಿದವನಿಗೆ ಮೊದಲು ಕಂಡದ್ದು ನೆಲದ ಮೇಲೆ ಸಾಲಾಗಿ ಮಲಗಿಸಿದ್ದ ಅಂಚುಕಲ್ಲುಗಳು. ಒಂದೊಂದಕ್ಕೂ ಸುಣ್ಣದಲ್ಲಿ ಗುರುತು ಹಾಕಿದ್ದರು. ತಲೆಯೆತ್ತಿ ನೋಡಿದೆ. ಮಾಡಿನ ಸುತ್ತ ಏನೂ ಉಳಿದಿರಲಿಲ್ಲ. ನಡುವೆ, ಮೂಲೆ ಚಪ್ಪಡಿಗಳ ಮೂತಿಯ ಮೇಲೆ, ಹೂವಿನ ಕಲ್ಲು ಒಂದೇ ಇತ್ತು, ನಾನು ಹಾಸನದ ನಡುಮನೆಯಲ್ಲಿ ನಿಲ್ಲಿಸಿದ್ದ ಹಾಗೆಯೇ.

ಕಲ್ಲುಕೆಲಸದ ಮೇಸ್ತ್ರಿ ಬಾಗೂರಿನ ಕಡೆಯವನು, ನರೆಗೂದಲಿನ ಗಟ್ಟಿ ಆಳು. ನಾನು ಯಾರೆಂದು ತಿಳಿದ ಕೂಡಲೇ ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡು ಬಂದ.

“ಬನ್ನಿ ಸಾ. ನಿಮ್ ಸಿನಿಮಾದಾಗೆ ಎಂಗೈತೋ ಅಂಗೇ ಬಿಚ್ಕಂಡ್ ಬಂದಿವ್ನಿ. ಒಂದ್ ಕಲ್ಲೂ ಇಂದುಮುಂದಾಗಿಲ್ಲ.”

“ಮೊದಲು ಹೂವು ಇಳಿಸಬೇಕಿತ್ತಲ್ಲ ಮೇಸ್ತ್ರಿ?”

“ನಂಗೂ ಅಂಗೇ ಅನ್ನುಸ್ತು ಸಾ. ನಮ್ಮಪ್ಪನ ಕಾಲ್ದಿಂದ್ಲೂವೆ ಮ್ಯಾಲಿಂದೇ ಮೊದ್ಲು ಇಳ್ಸೋದು. ಆದ್ರೆ ಕಣ್ಣಾರೆ ನೋಡಿವ್ನಲ್ಲ. ಸುತ್ತಲ್ ಕಲ್ಲೆಲ್ಲ ಎತ್ತುದ್ ಮ್ಯಾಲೂ ಊವು ಅಂಗೇ ನಿಂತ್ಕಂಡಿತ್ತು. ಸರ್ಕಾರ್ದೋರು ಒಂದ್ ಕಡೆ ಮಾಡಿ ನೋಡೇ ತೋರ್ಸವ್ರೆ ಅಂತ ಬುಟ್ಬುಟ್ಟೆ.” ಆಮೇಲೆ ಕುತೂಹಲದಿಂದ ಕೇಳಿದ: “ಅದ್ಯಾವೂರ್ ಗುಡಿ ಸಾ?”

ಅವನು ನೋಡಿದ್ದು ಎಲ್ಲೋ ಇರುವ ನಿಜವಾದ ಮಂಟಪವನ್ನು ನಿಜವಾಗಿ ಬಿಚ್ಚಿದ ಚಿತ್ರ ಎಂದೇ ಅವನು ತಿಳಿದಿದ್ದ. ಅವನೊಬ್ಬನೇ ಅಲ್ಲ, ಊರಿಗೆ ಊರೇ ಹಾಗೆ ತಿಳಿದಿತ್ತು. ಹಾಗೆ ಕಾಣಲೆಂದೇ ಅಲ್ಲವೆ ನಾನು ಬೂದಿ ಬೆರೆಸಿ ಬಣ್ಣ ಬಳಿದದ್ದು. ಆ ಹಲ್ಲಿಯನ್ನು ಕತ್ತರಿಸದೆ ಬಿಟ್ಟಿದ್ದರೆ ಚಿಕ್ಕ ಮಗುವಿಗೂ ಅದು ಆಟಿಕೆಯೆಂದು ಗೊತ್ತಾಗುತ್ತಿತ್ತು. ತಪ್ಪು ನನ್ನದೆಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಆ ಹಲ್ಲಿಯನ್ನು ಇಂದಿಗೂ ಮರೆತಿಲ್ಲ.

ಒಳಗೆ ಯಾರೋ ಕೆರೆಯುವ ಸದ್ದು. ಮೇಸ್ತ್ರಿಯ ತಮ್ಮ ಹೂವಿನ ನೇರ ಕೆಳಗೆ ಏಣಿ ಹಾಕಿ ನಿಂತು, ಹಗ್ಗ ತೂರಿಸಲು ಸಂದಿಯ ಹಳೆಯ ಗಾರೆಯನ್ನು ಉಳಿಯಿಂದ ಕೆರೆಯುತ್ತಿದ್ದ. ಆ ಗಾರೆಯ ಹಿಡಿತದಿಂದಲೇ ಕಲ್ಲು ನಿಂತಿತ್ತು.

“ಮೇಸ್ತ್ರಿ, ಅವನನ್ನು ಈಚೆ ಕರೀರಿ.”

“ಯಾಕ್ ಸಾ?”

“ಮೊದಲು ಕರೀರಿ, ಆಮೇಲೆ ಹೇಳ್ತೀನಿ.”

ಮೇಸ್ತ್ರಿ ನನ್ನ ಮುಖ ನೋಡಿದ. “ಲೇ, ಈಚ್ಗೆ ಬಾರ್ಲಾ.”

“ಇನ್ನೊಂಚೂರೈತೆ ಕಣಣ್ಣ, ಮುಗ್ಸೇ ಬತ್ತೀನಿ.”

“ಬಾ ಅಂದ್ರೆ ಬರ್ಬೇಕು.”

ಉಳಿಯ ಸದ್ದು ನಿಂತಿತು. ಅವನು ಏಣಿ ಇಳಿದು, ತಲೆಯ ಮೇಲಿನ ಸುಣ್ಣದ ಪುಡಿ ಕೊಡವಿಕೊಂಡು, ಬೀಡಿ ಹುಡುಕುತ್ತ ಹೊರಗೆ ಬಂದ. ಅವನು ಕಂಬಗಳನ್ನು ದಾಟುವವರೆಗೆ ನಾನು ಹೂವಿನಿಂದ ಕಣ್ಣು ತೆಗೆಯಲಿಲ್ಲ.

ಚೀಲದಿಂದ ಮರದ ಮಂಟಪವನ್ನು ತೆಗೆದು ಒಂದು ಅಂಚುಕಲ್ಲಿನ ಮೇಲೆ ಇಟ್ಟೆ. ಇದೇ ಆ ಗುಡಿ ಎಂದೆ. ಮೇಸ್ತ್ರಿ ಕುಕ್ಕರಗಾಲಿನಲ್ಲಿ ಕೂತು, ಕಂಬವನ್ನು ಬೆರಳಿನಿಂದ ಮುಟ್ಟಿದ. ಉಗುರಿನಿಂದ ಕೆರೆದ, ಬಣ್ಣದ ಕೆಳಗೆ ಮರ ಕಂಡಿತು. ನಾನು ಸುತ್ತಲಿನ ಅಂಚುತುಂಡುಗಳನ್ನು ಒಂದೊಂದಾಗಿ ತೆಗೆದೆ. ಹೂವು ನಿಂತಿತ್ತು. ಆಮೇಲೆ ಅವನ ಬೆರಳು ಹಿಡಿದು ಹಿಂದಿನ ತಂತಿಯನ್ನು ಮುಟ್ಟಿಸಿದೆ. ಮುಟ್ಟಿಸಿ, ತಂತಿಯನ್ನು ಎಳೆದುಬಿಟ್ಟೆ. ನಾಲ್ಕು ಮೂಲೆ ತುಂಡುಗಳೂ ಒಳಕ್ಕೆ ಮಗುಚಿದವು, ಹೂವು ಬೋರಲಾಗಿ ನೆಲಕ್ಕೆ ಬಿತ್ತು.

“ಇಷ್ಟೇಯ?” ಎಂದ ಮೇಸ್ತ್ರಿ. ನನ್ನ ಮೇಲೆ ರೇಗುತ್ತಾನೆಂದುಕೊಂಡಿದ್ದೆ. ಅವನು ರೇಗಲಿಲ್ಲ. ಎದ್ದು ಹೋಗಿ ತಮ್ಮನ ಮುಂಗೈ ಹಿಡಿದುಕೊಂಡು ನಿಂತ. ತಮ್ಮ ಕೈ ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ.

ಹೊಸ ಎಂಜಿನಿಯರು ಮಧ್ಯಾಹ್ನ ಜೀಪಿನಲ್ಲಿ ಬಂದರು. ಕೆಟ್ಟವರಲ್ಲ, ಆದರೆ ಕಣ್ಣೆಲ್ಲ ಹೊಳೆಯ ಮೇಲಿತ್ತು. ನೀರು ಏರುತ್ತಿದೆ, ದಂಡೆ ಕುಸಿದರೆ ಇಡೀ ಮಂಟಪ ಹೊಳೆಯ ಪಾಲು ಎಂಬ ಅವರ ಆತಂಕ ಸುಳ್ಳೇನೂ ಆಗಿರಲಿಲ್ಲ.

“ಮರದ ಆಟಿಕೆ ಬೇರೆ, ಕಲ್ಲು ಬೇರೆ. ಅಂಚು ತೆಗೆದ ಮೇಲೂ ನಿಂತಿದೆಯಲ್ಲ, ಇನ್ನು ಸ್ವಲ್ಪ ಹೊತ್ತು ನಿಲ್ಲಲ್ವೆ? ಒಬ್ಬನು ಒಳಗೆ ಹೋಗಿ ಹಗ್ಗ ಸುತ್ತಿ ಬಂದರೆ ಮುಗೀತು,” ಎಂದರು.

ನನಗೆ ಸಿಟ್ಟು ಬೇಗ ಬರುತ್ತದೆ. “ಹಾಗಾದರೆ ಬನ್ನಿ ಸಾರ್, ಆ ಹೂವಿನ ಕೆಳಗೆ ನಿಂತುಕೊಂಡು ಮಾತಾಡೋಣ,” ಎಂದೆ. ಅವರು ಮೇಲೆ ನೋಡಿದರು, ನನ್ನನ್ನು ನೋಡಿದರು, ಹೋಗಲಿಲ್ಲ. ನಾನೂ ಹೋಗುತ್ತಿರಲಿಲ್ಲ ಅನ್ನಿ.

ಅಂಚುಕಲ್ಲುಗಳನ್ನು ಮತ್ತೆ ಮೇಲೇರಿಸೋಣವೆಂದರೆ, ಮಾಡಿನ ಮೇಲೆ ಹತ್ತಿದರೆ ಆ ಅದುರಿಗೇ ಬಿದ್ದೀತು ಎಂದ ಮೇಸ್ತ್ರಿ. ಕೆಳಗಿನಿಂದ ಮರದ ಆಸರೆ ಕೊಡೋಣವೆಂದರೆ ಕೆಳಗೆ ಹೋಗುವವರು ಯಾರು? ಬೀಳಿಸಿಬಿಡೋಣವೆಂದರೆ, ಚೂರೂ ಮುಕ್ಕಾಗುವುದಿಲ್ಲವೆಂದು ಊರಿಗೆ ಮಾತು ಕೊಟ್ಟಾಗಿತ್ತು. ನನಗೆ ಬೇರೇನೂ ತೋಚದೆ ಮರದ ಮಂಟಪವನ್ನೇ ಮತ್ತೆ ಜೋಡಿಸತೊಡಗಿದೆ. ಚಿತ್ರ ತೆಗೆಯುವಾಗ ಒಂದು ತುಂಡು ಸೊಟ್ಟಗಾದರೆ ಹೊಸದು ಕೊಯ್ದು, ಬಳಿದ ಬಣ್ಣ ಒಣಗುವವರೆಗೆ ಅದನ್ನು ಮರಳು ತುಂಬಿದ ತಟ್ಟೆಯಲ್ಲಿ ಕೂರಿಸುವುದು ನನ್ನ ಅಭ್ಯಾಸ. ಎದುರಿಗೇ ಹೊಳೆಯಿತ್ತು, ಹೊಳೆಯಲ್ಲಿ ಬೇಕಾದಷ್ಟು ಮರಳಿತ್ತು.

ಮೊದಲು ಬೊಂಬೆಯ ಮೇಲೆ ಮಾಡಿ ನೋಡೋಣವೆಂದು, ಮರಳಿನ ಬದಲಿಗೆ, ಆಳುಗಳಿಗೆ ಅಡಿಗೆ ಮಾಡುತ್ತಿದ್ದ ಹೆಂಗಸನ್ನು ಒಂದು ಮೊರ ರಾಗಿ ಕೇಳಿದೆ. “ಬೊಂಬೆಗೆ ಮುದ್ದೆ ಉಣ್ಣುಸ್ತೀರಾ ಸಾ?” ಎಂದಳು, ಆದರೂ ಕೊಟ್ಟಳು. ಮಂಟಪದ ಕಂಬಗಳ ಸುತ್ತ ರಟ್ಟು ಕಟ್ಟಿ, ನಾಲ್ಕೂ ಬದಿಯಿಂದ ರಾಗಿ ಸುರಿಯುತ್ತ ಹೋದೆ. ಕೈ ಒಳಗೆ ಹಾಕದೆ, ಕಡ್ಡಿಯಿಂದ ತಳ್ಳುತ್ತ. ರಾಗಿ ಹೂವಿನ ತಳ ಮುಟ್ಟಿದ ಮೇಲೆ ಅಂಚು ತೆಗೆದು, ತಂತಿ ಎಳೆದೆ. ಹೂವು ಒಂದಿಷ್ಟೇ ತಗ್ಗಿ, ಹಾಗೇ ನಿಂತಿತು.

“ಕೂತ್ಕತು,” ಎಂದ ಮೇಸ್ತ್ರಿಯ ತಮ್ಮ.

ಎಂಜಿನಿಯರು ಇನ್ನೊಂದು ಸಲ ಮಾಡಿ ತೋರಿಸಿ ಎಂದರು. ತೋರಿಸಿದೆ. ಅರ್ಧ ಮಾತ್ರ ತುಂಬಿದಾಗ ಬಿದ್ದರೆ ಏನಾಗುತ್ತದೆ ಎಂದು ಕೇಳಿದರು. ಅದನ್ನೂ ಮಾಡಿದೆವು, ಹೂವು ರಾಗಿಯಲ್ಲಿ ಹೂತುಕೊಂಡಿತು, ಮೂಲೆಯ ತುಂಡೊಂದು ಅದರ ಮೇಲೆ ಬಿತ್ತು. ನೆಲಕ್ಕೆ ಬೀಳುವುದಕ್ಕಿಂತ ವಾಸಿ ಎಂದರು. ಇಷ್ಟು ದಿನ ಆ ಬೊಂಬೆಯಿಂದ ಮಾಡಿದ ಕೆಲಸದಲ್ಲಿ ಮುಂದಾಗುವುದನ್ನು ಮೊದಲೇ ನೋಡಿದ್ದು ಅದೊಂದೇ ಸಲ. ಕ್ಯಾಮೆರಾ ಚೀಲದಲ್ಲೇ ಉಳಿದಿತ್ತು.

ಗೋಣಿಚೀಲಗಳಲ್ಲಿ ಮರಳು ತುಂಬಿ ಕಂಬಗಳ ನಡುವೆ ಗೋಡೆಯಂತೆ ಪೇರಿಸಿದರು. ಗಾಡಿಗಳಲ್ಲಿ ಮರಳು ಬಂತು. ಹಲಗೆಯನ್ನು ಓರೆಯಾಗಿ ಇಟ್ಟು ಮೇಲಿನಿಂದ ಜಾರಿಸುವುದು, ಉದ್ದನೆಯ ಬಿದಿರಿನ ಗಳಕ್ಕೆ ಹಲಗೆ ಕಟ್ಟಿ ಒಳಗೆ ತಳ್ಳುವುದು. ಯಾರೂ ತೊಲೆಯ ಗೆರೆ ದಾಟಿ ತಲೆ ಒಳಗೆ ಹಾಕಕೂಡದೆಂದು ಮೇಸ್ತ್ರಿ ಕಟ್ಟುನಿಟ್ಟು ಮಾಡಿದ್ದ. ಮರುದಿನ ಬೆಳಿಗ್ಗೆ ಬಂದು ನೋಡಿದರೆ, ಹಿಂದಿನ ದಿನ ಮರಳು ತೋಡಿದ್ದ ಜಾಗ ನೀರಿನಡಿ ಹೋಗಿತ್ತು. ಗಾಡಿಗಳು ಇನ್ನೂ ದೂರ ಹೋಗಬೇಕಾಯಿತು. ಹೊಳೆಯ ಸದ್ದು ಬೇರೆಯಾಗಿತ್ತು. ಮಾತಾಡಬೇಕಾದರೆ ಗಂಟಲು ಏರಿಸಬೇಕಿತ್ತು.

ಮರಳು ಆಳಿನ ಎದೆಮಟ್ಟಕ್ಕೆ ಬಂದಿತ್ತು. ಮೇಲಿನಿಂದ ಹಿಟ್ಟು ಜರಡಿ ಹಿಡಿದಂತೆ ಸಣ್ಣಗೆ ಸುಣ್ಣ ಉದುರಲು ಶುರುವಾಯಿತು. ಮೇಸ್ತ್ರಿ ಕೈ ಎತ್ತಿದ. ಗಳ ಹಿಡಿದವರು ಗಳವನ್ನು ಅಲ್ಲೇ ಬಿಟ್ಟು ಹಿಂದೆ ಸರಿದರು. ಸದ್ದು ನಾನು ಎಣಿಸಿದಷ್ಟು ಜೋರಾಗಿರಲಿಲ್ಲ. ಧಪ್ಪೆಂದು ಒಂದು ಸಲ, ಅದರ ಬೆನ್ನಿಗೇ ಕಲ್ಲಿಗೆ ಕಲ್ಲು ತಾಗಿದ ಇನ್ನೊಂದು. ಚೀಲದ ಗೋಡೆ ಒಂದು ಕಡೆ ಒಡೆದು ಮರಳು ಹೊರಕ್ಕೆ ಹರಿಯಿತು. ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ.

ಮೇಸ್ತ್ರಿ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದ. ಒಬ್ಬೊಬ್ಬರೂ ಓಗೊಟ್ಟರು. ತಮ್ಮನ ಹೆಸರಿಗೆ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಇಲ್ಲ. ಮೇಸ್ತ್ರಿ ಮೂರನೆಯ ಸಲ ಕೂಗಲಿಲ್ಲ, ಒಡೆದ ಚೀಲಗಳ ಮೇಲೆ ಬಿದ್ದು ಬರಿಗೈಯಲ್ಲಿ ಮರಳು ತೋಡತೊಡಗಿದ. ನಾನೂ ಪಕ್ಕದಲ್ಲಿ ಕೂತು ತೋಡಿದೆ. ಆ ಹೊತ್ತಿನ ಭಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

“ಏನಾಯ್ತಣ್ಣ?” ಎಂದು ಹಿಂದಿನಿಂದ ಕೇಳಿತು. ಮುಖ ತೊಳೆಯಲು ಹೊಳೆಗೆ ಇಳಿದಿದ್ದನಂತೆ. ನೀರಿನ ಸದ್ದಿಗೆ ಅಣ್ಣ ಕೂಗಿದ್ದು ಕೇಳಿಸಿರಲಿಲ್ಲ. ಮೇಸ್ತ್ರಿ ಎದ್ದು ಅವನ ಕೆನ್ನೆಗೆ ಒಂದು ಕೊಟ್ಟ. ಆಮೇಲೆ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟ.

ಹೂವಿನ ಕಲ್ಲು ಮರಳಿನಲ್ಲಿ ಅರ್ಧ ಹೂತಿತ್ತು. ಮೂಲೆ ಚಪ್ಪಡಿ ತಾಗಿದ ಕಡೆ ಎರಡು ದಳ ಮುರಿದಿದ್ದವು. “ಓಗ್ಲಿ ಬುಡಿ ಸಾ,” ಎಂದ ಮೇಸ್ತ್ರಿ, “ದಳ ಕೆತ್ತಬೋದು.” ಕಲ್ಲುಗಳೆಲ್ಲ ದಿಬ್ಬ ಸೇರಿದ ಮೇಲೆ, ಒಂದು ಬೆಳಿಗ್ಗೆ ಹೊಳೆ ಆ ಜಗಲಿಯನ್ನು ನುಂಗಿತು.

ಹಾಸನಕ್ಕೆ ಬಂದವನೇ ನಮ್ಮ ಬಳಿಯಿದ್ದ ಪ್ರತಿಯಿಂದ ಹೂವಿನ ಭಾಗವನ್ನು ಕತ್ತರಿಸಿ ತೆಗೆದೆ. ಸರ್ಕಾರ ಮೆಚ್ಚಿ ಬೇರೆ ಕಡೆಗೂ ಕಳಿಸಿದ್ದ ಉಳಿದ ಪ್ರತಿಗಳು ಆಗಲೇ ಊರೂರು ತಿರುಗುತ್ತಿದ್ದವು. ಅವನ್ನು ವಾಪಸು ತರಿಸಿ ಎಂದು ನಿರ್ದೇಶಕರನ್ನು ಕೇಳಿದೆ.

“ಎಲ್ಲರೂ ಮೆಚ್ಚಿರೋದೇ ಆ ಹೂವಿನ ಭಾಗ ಕಣ್ರೀ. ಸಿನಿಮಾ ನೋಡಿಕೊಂಡು ಗುಡಿ ಬಿಚ್ಚೋರು ಯಾರಿದ್ದಾರೆ?”

“ಬಿಚ್ಚಿದರಲ್ಲ ಸಾರ್.”

“ಯಾರಿಗೂ ಏನೂ ಆಗಲಿಲ್ಲವಲ್ಲ.”

ಇದು ಮರದ ಮಾದರಿ ಎಂದು ಒಂದು ಸಾಲಾದರೂ ಬರೆದು ಸೇರಿಸೋಣ ಎಂದೆ. ಹಾಗೆ ಬರೆದರೆ ಮಜಾ ಎಲ್ಲ ಹೋಗುತ್ತದೆ ಎಂದರು. ಜಗಳವಾಯಿತು. ನನ್ನನ್ನು ರೈತರಿಗೆ ತೋರಿಸುವ ಗೊಬ್ಬರದ ಚಿತ್ರಕ್ಕೆ ಹಾಕಿದರು.

ಮುಂದಿನ ಬೇಸಿಗೆಯಲ್ಲಿ ಆ ಕೆಲಸದ ಮೇಲೆಯೇ ಚನ್ನರಾಯಪಟ್ಟಣದಲ್ಲಿ ಉಳಿದಿದ್ದೆ. ಸಂಜೆ ಹೊತ್ತು ಹೋಗದೆ ಟೆಂಟ್ ಸಿನಿಮಾಕ್ಕೆ ಹೋಗಿ ಮುಂದುಗಡೆ ನೆಲದ ಮೇಲೆ ಕೂತೆ. ದೀಪ ಆರಿತು. ದೊಡ್ಡ ಚಿತ್ರಕ್ಕೆ ಮೊದಲು ಒಂದು ಕಿರುಚಿತ್ರ. ಬೂದಿ ಬಣ್ಣದ ಮಂಟಪ ಬಟ್ಟೆಯ ತುಂಬ ಬಂದು ನಿಂತಿತು. ಅಂಚುಕಲ್ಲುಗಳು ಒಂದೊಂದಾಗಿ ಎದ್ದು ಹೋದವು. ಹೂವು ಗಾಳಿಯಲ್ಲಿ ನಿಂತಿತು. ಟೆಂಟಿಗೆ ಟೆಂಟೇ ಉಸಿರು ಬಿಗಿಹಿಡಿದು, ಆಮೇಲೆ ಚಪ್ಪಾಳೆ ತಟ್ಟಿತು.

ನನ್ನ ಹಿಂದೆ ಯಾರೋ ಪಕ್ಕದವನಿಗೆ ಹೇಳಿದ: “ನಮ್ಮೂರ್ ಗುಡೀನೂ ಇಂಗೇ ಬಿಚ್ಬೋದು ಕಣ್ಲಾ. ಮದ್ಲು ಸುತ್ತಲಿಂದು ತಗುದ್ರಾಯ್ತು.”

ನಾನು ಎದ್ದು ನಿಂತು ಹಿಂದೆ ತಿರುಗಿದೆ. ಯಂತ್ರದ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯಿತು, ಒಂದು ಮುಖವೂ ಕಾಣಲಿಲ್ಲ. “ಅದು ಸುಳ್ಳು. ಅದು ಮರದ ಬೊಂಬೆ, ಹಿಂದೆ ತಂತಿ ಇದೆ,” ಎಂದು ಕೂಗಿದೆ. ನನ್ನ ನೆರಳು ಬಟ್ಟೆಯ ಮೇಲೆ ಬಿದ್ದು ಜನ ಗಲಾಟೆ ಎಬ್ಬಿಸಿದರು. “ಕೂತ್ಕಳಯ್ಯ, ಅಡ್ಡ ನಿಂತ್ಬುಟ್ಟ,” ಎಂದರು. ಒಬ್ಬನು ನನ್ನ ಅಂಗಿ ಜಗ್ಗಿ ಕೂರಿಸಿದ.

ಆಟ ಬಿಟ್ಟಾಗ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲಲ್ಲಿ ನಿಂತೆ. ಯಾವ ಊರು, ಯಾವ ಊರು ಎಂದು ಹೊರಗೆ ಬಂದವರನ್ನೆಲ್ಲ ಕೇಳಿದೆ. ಕೆಲವರು ಹುಚ್ಚನೆಂದು ದೂರ ಸರಿದರು. ಉಳಿದವರು ಹೇಳಿದರು, ಒಬ್ಬೊಬ್ಬರೂ ಒಂದೊಂದು ಊರು. ಗುಡಿಯಿಲ್ಲದ ಊರು ಅದರಲ್ಲಿ ಒಂದೂ ಇರಲಿಲ್ಲ.